ಡಿಶ್‌ವಾಶರ್‌ನ ಡ್ರೈನ್ ಪಂಪ್ ನಿಲ್ಲುತ್ತಲೇ ಇಲ್ಲವೇ? ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಳೆಗಾಲ ಹಿಡಿದರೆ ಸಾಕು, ಗೋಣಿಕೊಪ್ಪ, ನಾಪೋಕ್ಲು, ಸೋಮವಾರಪೇಟೆ ಕಡೆಯ ಮನೆಗಳಿಂದ, ಅದರಲ್ಲೂ ಹೋಂಸ್ಟೇಗಳಿಂದ, ಒಂದೇ ದೂರು: "ಮೆಷಿನ್ ಆಫ್ ಮಾಡಿದರೂ ಒಳಗೆ ಗುಂಯ್ ಅಂತ ಓಡುತ್ತಲೇ ಇದೆ." ಹೀಗೆ ಹೇಳುವವರಲ್ಲಿ ಹೆಚ್ಚಿನವರು ಕೊಳೆ ನೀರನ್ನು ಹೊರಗೆ ತಳ್ಳುವ ಡ್ರೈನ್ ಪಂಪೇ ಕೆಟ್ಟಿದೆ ಅಂದುಕೊಂಡು ಹೊಸ ಪಂಪಿನ ಬೆಲೆ ಕೇಳುತ್ತಾರೆ. ಓಡುತ್ತಿರುವ ಪಂಪ್ ಕೆಟ್ಟಿಲ್ಲ. ಅದನ್ನು ಯಾರು ಓಡಿಸುತ್ತಿದ್ದಾರೆ ಅಂತ ಹುಡುಕಬೇಕು.

ಪಂಪ್ ಈಗಲೂ ಓಡುತ್ತಿದೆ. ಮೊದಲು ಏನು ಮಾಡಲಿ?

ಪ್ಲಗ್ ಕೀಳಿ. ಪ್ಲಗ್ ಮೆಷಿನ್ ಹಿಂದೆ ಸಿಕ್ಕಿಕೊಂಡಿದ್ದರೆ ಆ ಸಾಲಿನ ಎಂಸಿಬಿ ಇಳಿಸಿ. ಆಮೇಲೆ ಮೆಷಿನ್‌ಗೆ ನೀರು ಬರುವ ನಲ್ಲಿ ಮುಚ್ಚಿ. ಬಾಗಿಲಿನ ಮೇಲಿರುವ ಪವರ್ ಬಟನ್ ಒತ್ತಿದರೆ ಪಂಪ್ ನಿಲ್ಲಲೇಬೇಕು ಅಂತೇನಿಲ್ಲ. ಮೆಷಿನ್‌ಗೆ ಸೋರಿಕೆಯ ಅನುಮಾನ ಬಂದರೆ ಬಟನ್ ಮಾತನ್ನು ಅದು ಕೇಳುವುದಿಲ್ಲ. ಹಾಗೆಯೇ ಮಾಡಿಟ್ಟಿದ್ದಾರೆ.

ಕರೆಂಟ್ ಬಿಲ್ಲಿನ ಬಗ್ಗೆ ಗಾಬರಿ ಬೇಡ. ಈ ಪಂಪ್ ಎಳೆಯುವುದು ಸುಮಾರು 30 ವ್ಯಾಟ್. ಇಡೀ ದಿನ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ. ಆದರೆ ನೀರಿಲ್ಲದೆ ಗಂಟೆಗಟ್ಟಲೆ ಓಡಲು ಮಾಡಿದ ಪಂಪ್ ಇದಲ್ಲ, ಹಾಗಾಗಿ ರಾತ್ರಿಯಿಡೀ ಬಿಡಬೇಡಿ.

ಎಷ್ಟು ಹೊತ್ತು ಓಡಿದರೆ ಸಹಜ?

ತೊಳೆಯುವ ಮುಂಚೆ ಒಮ್ಮೆ, ನಡುವೆ ಕೆಲವು ಸಲ, ಕೊನೆಗೆ ಒಮ್ಮೆ. ಪ್ರತಿ ಸಲವೂ ಅರ್ಧ ನಿಮಿಷದಿಂದ ಒಂದೆರಡು ನಿಮಿಷ. ಪ್ರೋಗ್ರಾಂ ಅರ್ಧಕ್ಕೆ ಕ್ಯಾನ್ಸಲ್ ಮಾಡಿದಾಗ, ಕರೆಂಟ್ ಹೋಗಿ ಬಂದಾಗ ಕೂಡ ಕೆಲವು ಮೆಷಿನ್‌ಗಳು ಮೊದಲು ನೀರು ಹೊರಗೆ ಹಾಕುತ್ತವೆ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ, ಬಾಗಿಲು ತೆರೆದಿದ್ದರೂ ಓಡುತ್ತಿದ್ದರೆ, ಪ್ಲಗ್ ಹಾಕಿದ ತಕ್ಷಣ ತಾನಾಗಿ ಶುರುವಾದರೆ ಮುಂದೆ ಓದಿ.

ತೊಟ್ಟಿಯಲ್ಲಿ ಒಂದು ಹನಿ ನೀರಿಲ್ಲ. ಆದರೂ ಯಾಕೆ ಓಡುತ್ತದೆ?

ಪಾತ್ರೆ ಇಡುವ ಸ್ಟೀಲ್ ತೊಟ್ಟಿಯ ಕೆಳಗೆ, ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ, ಇನ್ನೊಂದು ತಟ್ಟೆ ಇರುತ್ತದೆ. ಮೋಟಾರು, ಪೈಪು, ವೈರು ಎಲ್ಲ ಅದರ ಮೇಲೆಯೇ ಕೂತಿರುತ್ತವೆ. ಎಲ್ಲಿ ಸೋರಿದರೂ ನೀರು ಕೊನೆಗೆ ಅಲ್ಲಿಗೆ ಬಂದು ಸೇರಬೇಕು. ಆ ತಟ್ಟೆಯಲ್ಲಿ ಥರ್ಮೋಕೋಲಿನದೋ ಪ್ಲಾಸ್ಟಿಕ್ಕಿನದೋ ಒಂದು ಸಣ್ಣ ಫ್ಲೋಟ್ ಇದೆ. ನೀರು ಸ್ವಲ್ಪ ನಿಂತರೂ ಅದು ಮೇಲೇಳುತ್ತದೆ, ಮೇಲಿರುವ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಗ ಮೆಷಿನ್ ನೀರು ಬರುವ ದಾರಿ ಮುಚ್ಚಿ, ಡ್ರೈನ್ ಪಂಪ್ ಓಡಿಸಲು ಶುರು ಮಾಡುತ್ತದೆ. ಅಡುಗೆಮನೆ ತುಂಬ ನೀರಾಗದಿರಲಿ ಅಂತ ಈ ಏರ್ಪಾಡು.

ತಮಾಷೆ ಏನೆಂದರೆ, ಪಂಪ್ ಖಾಲಿ ಮಾಡುವುದು ಮೇಲಿನ ತೊಟ್ಟಿಯನ್ನು ಮಾತ್ರ. ಕೆಳಗಿನ ತಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಯಾವ ನೀರಿನಿಂದ ಇದು ಓಡಲು ಶುರುವಾಯಿತೋ ಆ ನೀರನ್ನು ಅದು ಎಂದಿಗೂ ತೆಗೆಯಲಾರದು. ಎಷ್ಟು ಓಡಿದರೂ ಅಷ್ಟೇ. ನಾಯಿ ಬೊಗಳುತ್ತಿದೆ ಅಂತ ನಾಯಿಗೇ ಹೊಡೆದರೆ ಕಳ್ಳ ಸಿಗುವುದಿಲ್ಲವಲ್ಲ, ಪಂಪ್ ಬದಲಾಯಿಸುವುದೂ ಹಾಗೆಯೇ.

ಆ ತಟ್ಟೆಯಲ್ಲಿ ನೀರಿದೆಯೋ ಇಲ್ಲವೋ ನೋಡುವುದು ಹೇಗೆ?

ಪ್ಲಗ್ ಕಿತ್ತಿದೆ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಬಾಗಿಲಿನ ಕೆಳಗೆ, ನೆಲಕ್ಕೆ ತಾಗಿದಂತೆ ಇರುವ ಉದ್ದನೆಯ ಪಟ್ಟಿಯನ್ನು ಬಿಚ್ಚಿ. ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಸ್ಕ್ರೂ. ನೆಲದ ಮೇಲೆ ಮಲಗಿ ಟಾರ್ಚ್ ಬಿಡಿ. ನೀರಿದ್ದರೆ ಬೆಳಕು ಹೊಳೆಯುತ್ತದೆ. ಕಾಣದಿದ್ದರೆ ಉದ್ದ ಕಡ್ಡಿಗೆ ಟಿಶ್ಯೂ ಪೇಪರ್ ಸುತ್ತಿ ಒಳಗೆ ತೂರಿಸಿ, ಒದ್ದೆಯಾಗಿ ಬಂತಾ ನೋಡಿ. ಲೋಹದ ಅಂಚುಗಳು ಚೂಪಾಗಿರುತ್ತವೆ, ಕೈಗೆ ದಪ್ಪ ಗ್ಲೌಸ್ ಇರಲಿ.

ನೀರಿದೆ. ತೆಗೆಯುವುದು ಹೇಗೆ?

ಸ್ಪಂಜು ಅಥವಾ ಹಳೆ ಬನಿಯನ್ ತುಂಡು ತೂರಿಸಿ ಹಿಂಡಿ ಹಿಂಡಿ ತೆಗೆಯಬಹುದು. ನಿಧಾನದ ಕೆಲಸ, ಆದರೆ ಒಬ್ಬರೇ ಮಾಡಬಹುದು. ಇಬ್ಬರಿದ್ದರೆ ಮೆಷಿನ್ ಹೊರಗೆಳೆದು ಒಂದು ಕಡೆಗೆ ಮೆಲ್ಲಗೆ ವಾಲಿಸಿ, ಕೆಳಗೆ ಅಗಲವಾದ ತಟ್ಟೆ ಇಟ್ಟು ಸುರಿಸಬಹುದು. ವಾಲಿಸುವ ಮೊದಲು ಮೇಲಿನ ತೊಟ್ಟಿಯ ನೀರನ್ನು ಮಗ್‌ನಿಂದ ತೆಗೆದುಬಿಡಿ, ಇಲ್ಲದಿದ್ದರೆ ಅದೂ ಕೆಳಗಿಳಿದು ಕೆಲಸ ದುಪ್ಪಟ್ಟಾಗುತ್ತದೆ. ದೊಡ್ಡ ಮೆಷಿನ್ 45 ಕಿಲೋ ಆಸುಪಾಸು ತೂಗುತ್ತದೆ. ಸೊಂಟ ನೋವಿರುವವರು ಈ ಸಾಹಸಕ್ಕೆ ಹೋಗಬೇಡಿ.

ಇನ್ನು ಒಣಗಿಸುವುದು. ಬೇಸಿಗೆಯಲ್ಲಾದರೆ ಒಂದು ಹಗಲು ಸಾಕು. ಜುಲೈನಲ್ಲಿ ಭಾಗಮಂಡಲ ಕಡೆ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಇನ್ನು ಇದು ಹೇಗೆ ಒಣಗೀತು ಅಲ್ವಾ? ಟೇಬಲ್ ಫ್ಯಾನ್ ಅನ್ನು ಕೆಳಗಿನ ಸಂದಿಗೆ ಮುಖ ಮಾಡಿ ಇಡಿ. ಒಲೆಯ ಹತ್ತಿರ ಒಯ್ಯಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಒಣಗಿಸಿದೆ, ಪಂಪ್ ನಿಂತಿತು. ಕೆಲಸ ಮುಗಿಯಿತಾ?

ಇಲ್ಲ. ನೀರು ಎಲ್ಲಿಂದಲೋ ಬಂದಿದೆ, ನಾಳೆಯೂ ಬರುತ್ತದೆ. ಪಟ್ಟಿ ಹಾಕದೆ ಒಂದು ಸಣ್ಣ ಪ್ರೋಗ್ರಾಂ ಓಡಿಸಿ, ಕೈ ಒಳಗೆ ಹಾಕದೆ ದೂರದಿಂದ ಟಾರ್ಚ್ ಬಿಟ್ಟು ನೋಡಿ. ನೀರು ತುಂಬುವಾಗಲೇ ತೊಟ್ಟಿಕ್ಕಿದರೆ ನಲ್ಲಿಯಿಂದ ನೀರು ತರುವ ಇನ್‌ಲೆಟ್ ಪೈಪಿನ ಕಡೆ. ತೊಳೆಯುವಾಗ ಸೋರಿದರೆ ಬಾಗಿಲಿನ ರಬ್ಬರ್, ತೊಟ್ಟಿಯ ತಳದ ಸೀಲ್ ಅಥವಾ ದೊಡ್ಡ ಮೋಟಾರಿನ ಸೀಲ್. ಹೊರಗೆ ಹಾಕುವಾಗ ಮಾತ್ರ ಸೋರಿದರೆ ಡ್ರೈನ್ ಪೈಪು.

ಬಾಗಿಲಿನ ರಬ್ಬರ್ ಅನ್ನು ಬೆರಳಲ್ಲಿ ಸವರಿ ನೋಡಿ. ಕೆಳಗಿನ ಮೂಲೆಯಲ್ಲಿ ಅಂಟಂಟು ಜಿಡ್ಡು ಕೂತಿದ್ದರೆ ಅಲ್ಲೇ ನೀರು ಜಾರುತ್ತಿರುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇನ್ನೊಂದು ಕಾರಣ, ದೊಡ್ಡ ಪಾತ್ರೆ. ಕಡುಂಬುಟ್ಟು ಬೇಯಿಸುವ ಇಡ್ಲಿ ಪಾತ್ರೆಯನ್ನೋ ಅಗಲದ ಬಾಣಲೆಯನ್ನೋ ಬಾಗಿಲ ಕಡೆಗೆ ವಾಲಿಸಿ ಇಟ್ಟರೆ, ಸ್ಪ್ರೇ ಅದಕ್ಕೆ ಬಡಿದು ನೇರ ರಬ್ಬರ್ ಸಂದಿಗೆ ಹಾರುತ್ತದೆ. ಮೆಷಿನ್‌ನ ತಪ್ಪು ಇದರಲ್ಲಿ ಏನೂ ಇಲ್ಲ.

ಇಲಿ ಕಾಟ ಇರುವ ಮನೆಗಳಲ್ಲಿ ಹಿಂದಿನ ಪೈಪನ್ನು ತಪ್ಪದೆ ನೋಡಿ. ಕಾಫಿ ಕಣ, ಉಗ್ರಾಣ ಪಕ್ಕದಲ್ಲೇ ಇರುವ ಮನೆಗಳಲ್ಲಿ ಮಳೆ ಬಂತೆಂದರೆ ಇಲಿಗಳೆಲ್ಲ ಒಳಗೆ. ಸುಕ್ಕುಸುಕ್ಕಾದ ಡ್ರೈನ್ ಪೈಪಿನಲ್ಲಿ ಹಲ್ಲಿನಷ್ಟು ತೂತಾದರೂ ಸಾಕು.

ಪಾತ್ರೆ ತೊಳೆಯುವ ಮಾಮೂಲಿ ಲಿಕ್ವಿಡ್ ಎರಡು ಹನಿ ಹಾಕಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಕೈಯಲ್ಲಿ ತೊಳೆಯುವ ಸೋಪು ನೊರೆ ಬರಲೆಂದೇ ಮಾಡಿದ್ದು. ಡಿಶ್‌ವಾಶರ್ ಪುಡಿ, ಟ್ಯಾಬ್ಲೆಟ್ ನೊರೆ ಬರದಂತೆ ಮಾಡಿದ್ದು. ಎರಡು ಹನಿ ಲಿಕ್ವಿಡ್ ಒಳಗೆ ಬೆಟ್ಟದಷ್ಟು ನೊರೆಯಾಗಿ, ಬಾಗಿಲ ಸಂದಿಯಿಂದ ಇಳಿದು ಕೆಳತಟ್ಟೆ ಸೇರುತ್ತದೆ. ಹೋಂಸ್ಟೇಗಳಲ್ಲಿ ಕೆಲಸಕ್ಕೆ ಹೊಸಬರು ಬಂದಾಗ ಇದು ಆಗಿಯೇ ಆಗುತ್ತದೆ. ನೊರೆಯನ್ನು ಮಗ್‌ನಿಂದ ಬಾಚಿ ತೆಗೆಯಿರಿ, ಒಂದು ಚಮಚ ಅಡುಗೆ ಎಣ್ಣೆ ಹಾಕಿ, ತಣ್ಣೀರಿನ ರಿನ್ಸ್ ಪ್ರೋಗ್ರಾಂ ಎರಡು ಮೂರು ಸಲ ಓಡಿಸಿ. ಆಮೇಲೆ ಕೆಳತಟ್ಟೆ ಒಣಗಿಸಿ.

ಪಂಪ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಇದು ಬೇರೆಯಾ?

ಬೇರೆ. ಇಲ್ಲಿ ಒಂದು ಪರೀಕ್ಷೆ ಮಾಡಿ: ನಲ್ಲಿ ಮುಚ್ಚಿ, ಮೆಷಿನ್ ಆನ್ ಆಗಿರಲಿ. ಪಂಪ್ ಒಮ್ಮೆ ಓಡಿ ಪೂರ್ತಿ ನಿಂತುಬಿಟ್ಟರೆ ಕಳ್ಳ ಇನ್‌ಲೆಟ್ ವಾಲ್ವ್, ಅಂದರೆ ಒಳಗೆ ಬರುವ ನೀರನ್ನು ತೆರೆದು ಮುಚ್ಚುವ ಭಾಗ. ಅದು ಪೂರ್ತಿ ಮುಚ್ಚುತ್ತಿಲ್ಲ. ನೀರು ಹನಿಹನಿಯಾಗಿ ಒಳಗೆ ಬರುತ್ತಲೇ ಇದೆ, ಮೆಷಿನ್ ನೀರು ಹೆಚ್ಚಾಯಿತು ಅಂತ ಹೊರಗೆ ಹಾಕುತ್ತಲೇ ಇದೆ.

ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ನೀರಿನಲ್ಲಿ ಬರುವ ಮಣ್ಣು. ಬಾವಿ, ಕೆರೆ, ಗುಡ್ಡದ ಊಟೆಯಿಂದ ನೀರು ತರುವ ಮನೆಗಳಲ್ಲಿ ಜೂನ್ ಕೊನೆಗೆ ನೀರಿನ ಬಣ್ಣವೇ ಬದಲಾಗುತ್ತದೆ. ಒಂದು ಮರಳ ಕಣ ವಾಲ್ವಿನ ರಬ್ಬರ್ ಕೆಳಗೆ ಕೂತರೆ ಮುಗಿಯಿತು. ನಲ್ಲಿ ಮುಚ್ಚಿ, ಇನ್‌ಲೆಟ್ ಪೈಪ್ ಬಿಚ್ಚಿ, ಅದರ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಕೆಂಪು ಮಣ್ಣು ಪೇಸ್ಟಿನಂತೆ ಬಂದರೆ ಆಶ್ಚರ್ಯ ಪಡಬೇಡಿ. ಜಾಲರಿ ಕಿತ್ತು ಬಿಸಾಡುವವರೂ ಇದ್ದಾರೆ, ನೀರು ಜೋರಾಗಿ ಬರುತ್ತದೆ ಅಂತ. ಹಾಗೆ ಮಾಡಿದರೆ ಮಣ್ಣೆಲ್ಲ ನೇರ ವಾಲ್ವಿಗೆ. ನಲ್ಲಿಗೆ ಒಂದು ಸಣ್ಣ ಸೆಡಿಮೆಂಟ್ ಫಿಲ್ಟರ್ ಹಾಕಿಸಿ, ಮಳೆಗಾಲದಲ್ಲಿ ಅದರ ಕ್ಯಾಂಡಲ್ ಆಗಾಗ ಬದಲಾಯಿಸಿ. ಆದರೂ ವಾಲ್ವ್ ಸೋರಿದರೆ ಹೊಸದು ಹಾಕಿಸಬೇಕು. ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ನಮ್ಮ ನೀರಿನ ಟ್ಯಾಂಕ್ ಗುಡ್ಡದ ತುದಿಯಲ್ಲಿದೆ, ಮನೆ ಕೆಳಗಿದೆ. ತೊಂದರೆಯೇ?

ಆಗಬಹುದು. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಮನೆಗಿಂತ 100 ಮೀಟರ್ ಮೇಲಿದ್ದರೆ 10 ಬಾರ್. ಅನೇಕ ಡಿಶ್‌ವಾಶರ್‌ಗಳ ಮೇಲ್ಮಿತಿಯೇ 8ರಿಂದ 10 ಬಾರ್. ಅದಕ್ಕಿಂತ ಜಾಸ್ತಿಯಾದರೆ ವಾಲ್ವ್ ಹಿಡಿದಿಟ್ಟುಕೊಳ್ಳಲಾರದು, ಪೈಪಿನ ಜೋಡಣೆಗಳು ಸೋರುತ್ತವೆ, ಕೊನೆಗೆ ಕೆಳತಟ್ಟೆಗೆ ನೀರು. ಮನೆ ಹತ್ತಿರ ಒಂದು ಸಣ್ಣ ಟ್ಯಾಂಕ್ ಇಟ್ಟು ಅಲ್ಲಿಂದ ಕೊಡಿ, ಇಲ್ಲವೇ ಒತ್ತಡ ಇಳಿಸುವ ವಾಲ್ವ್ ಹಾಕಿಸಿ. ಮನೆಯ ತಾರಸಿ ಮೇಲಿನ ಟ್ಯಾಂಕ್‌ನವರಿಗೆ ಉಲ್ಟಾ ಸಮಸ್ಯೆ. ಅವರಿಗೆ ಒತ್ತಡ ಸಾಲದೆ ನೀರು ತುಂಬದ ಎರರ್ ಬರುತ್ತದೆ, ಪಂಪ್ ಓಡುವ ತೊಂದರೆ ಅಲ್ಲ.

ಡ್ರೈನ್ ಪೈಪನ್ನು ಗೋಡೆಗೆ ತೂತು ಹೊಡೆದು ಹೊರಗೆ ಬಾಳೆಗಿಡದ ಬುಡಕ್ಕೆ ಬಿಟ್ಟಿದ್ದೇವೆ. ಸರಿಯಾ?

ಇಳಿಜಾರಿನ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಸರಿಯಲ್ಲ. ಪೈಪಿನ ತುದಿ ಮೆಷಿನ್‌ನ ತಳಕ್ಕಿಂತ ಕೆಳಗಿದ್ದರೆ, ಪಂಪ್ ಒಮ್ಮೆ ನೀರು ತಳ್ಳಿದ ಮೇಲೆ ಉಳಿದದ್ದು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಮೆಷಿನ್ ತುಂಬುತ್ತದೆ, ನೀರು ಹೊರಗೆ ಹರಿಯುತ್ತದೆ, ಮತ್ತೆ ತುಂಬುತ್ತದೆ. ಲೆಕ್ಕ ತಪ್ಪಿದ ಮೆಷಿನ್ ಕೊನೆಗೆ ಪ್ರೋಗ್ರಾಂ ನಿಲ್ಲಿಸಿ ಎಲ್ಲ ಹೊರಹಾಕಲು ಹೊರಡುತ್ತದೆ. ಹೊರಗೆ ನಿಂತವರಿಗೆ ಪಂಪ್ ನಿಂತೇ ಇಲ್ಲ ಅಂತ ಅನಿಸುತ್ತದೆ, ಯಾಕೆಂದರೆ ಪೈಪಿನಿಂದ ನೀರು ಬರುತ್ತಲೇ ಇರುತ್ತದೆ. ಕಿವಿಗೊಟ್ಟು ಕೇಳಿ: ಪಂಪಿನ ಸದ್ದಿಲ್ಲದೆ ನೀರು ಮಾತ್ರ ಹರಿಯುತ್ತಿದ್ದರೆ ಇದೇ ಕಾರಣ.

ಪೈಪನ್ನು ಮೊದಲು ನೆಲದಿಂದ 50–60 ಸೆಂಟಿಮೀಟರ್ ಮೇಲಕ್ಕೆ ಎತ್ತಿ, ಗೋಡೆಗೆ ಕ್ಲಿಪ್ ಹಾಕಿ, ಅಲ್ಲಿ ಬಾಯಿ ತೆರೆದಿರುವ ಅಗಲದ ಪಿವಿಸಿ ಪೈಪಿನೊಳಗೆ ಸಡಿಲವಾಗಿ ಇಳಿಬಿಡಿ. ಸುತ್ತ ಗಾಳಿ ಆಡುವಂತಿರಲಿ, ಟೇಪ್ ಸುತ್ತಿ ಬಿಗಿ ಮಾಡಬೇಡಿ. ಎತ್ತರ 1 ಮೀಟರ್ ದಾಟಿದರೆ ಪಂಪಿಗೆ ಕಷ್ಟ. ಹೊರಗಿನ ತುದಿಯಲ್ಲಿ ಕಪ್ಪೆ ಮನೆ ಮಾಡಿದ ಕೇಸುಗಳೂ ಇವೆ, ಹಾಗಾಗಿ ಆಗಾಗ ಅಲ್ಲೂ ಕಣ್ಣಿಡಿ.

ಪಂದಿ ಕರಿ ಮಾಡಿದ ಮರುದಿನವೇ ಯಾಕೆ ಹೀಗಾಗುತ್ತದೆ?

ಕೊಬ್ಬು. ಬಿಸಿ ಇರುವಾಗ ಎಣ್ಣೆಯಂತೆ ಹರಿಯುವ ಹಂದಿ ಕೊಬ್ಬು, ಮಡಿಕೇರಿಯ ಮಳೆಗಾಲದ 20 ಡಿಗ್ರಿ ಆಸುಪಾಸಿನ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ. ಅನೇಕ ಮಾಡೆಲ್‌ಗಳಲ್ಲಿ ತೊಟ್ಟಿಯಲ್ಲಿ ನೀರೆಷ್ಟಿದೆ ಅಂತ ಅಳೆಯಲು ಒಂದು ಸಣ್ಣ ಗಾಳಿಯ ಕೊಳವೆ, ಅದರ ತುದಿಯಲ್ಲಿ ಪ್ರೆಶರ್ ಸೆನ್ಸರ್ ಇರುತ್ತದೆ. ಕೊಳವೆಯ ಬಾಯಿಗೆ ಕೊಬ್ಬು, ಮಸಾಲೆ ಮೆತ್ತಿಕೊಂಡರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ತೊಟ್ಟಿ ಖಾಲಿಯಾಗಿದ್ದರೂ ಸೆನ್ಸರ್‌ಗೆ ಇನ್ನೂ ನೀರಿದೆ ಅಂತಲೇ ಅನಿಸುತ್ತದೆ. ಪಂಪ್ ಪಾಪ, ಹೇಳಿದ ಕೆಲಸ ಮಾಡುತ್ತಿರುತ್ತದೆ.

ಫಿಲ್ಟರ್ ಬಿಚ್ಚಿ ಬಿಸಿನೀರು, ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ. ಆಮೇಲೆ ಪಾತ್ರೆ ಇಡದೆ, ಡಿಶ್‌ವಾಶರ್ ಕ್ಲೀನರ್ ಹಾಕಿ, 65–70 ಡಿಗ್ರಿಯ ಅತಿ ಬಿಸಿ ಪ್ರೋಗ್ರಾಂ ಓಡಿಸಿ. ಒಂದು ಸಲಕ್ಕೆ ಬಿಡದಿದ್ದರೆ ಇನ್ನೊಂದು ಸಲ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಸಮಯದಲ್ಲಿ ಮೆಷಿನ್‌ಗೆ ಬಿಡುವೇ ಇರುವುದಿಲ್ಲ, ಆಗ ಪಾತ್ರೆಯ ಕೊಬ್ಬನ್ನು ಪೇಪರ್‌ನಿಂದ ಒರೆಸಿ ಇಡುವುದನ್ನು ಮನೆಯವರಿಗೆಲ್ಲ ಕಲಿಸಿ. ಬಿಸಿನೀರಲ್ಲಿ ತೊಳೆದು ಸಿಂಕಿಗೆ ಬಿಟ್ಟರೆ ಕೊಬ್ಬು ಮುಂದೆ ಪೈಪಿನಲ್ಲಿ ಕಟ್ಟುತ್ತದೆ, ಅಷ್ಟೇ ವ್ಯತ್ಯಾಸ.

ಕಾಳುಮೆಣಸು ಸಿಕ್ಕಿಕೊಂಡರೆ?

ಪಂಪಿನ ರೆಕ್ಕೆಗೆ ಸಿಕ್ಕಿದರೆ ಪಂಪ್ ಓಡುವುದಿಲ್ಲ, ಕಟಕಟ ಸದ್ದು ಮಾಡುತ್ತದೆ. ಆದರೆ ಅದರ ಮುಂದಿರುವ ಒನ್‌ವೇ ವಾಲ್ವಿಗೆ ಸಿಕ್ಕಿದರೆ ಬೇರೆ ಕತೆ. ಆ ರಬ್ಬರ್ ಬಾಗಿಲು ಮುಚ್ಚದೆ, ಪೈಪಿನಲ್ಲಿರುವ ನೀರು ವಾಪಸ್ ತೊಟ್ಟಿಗೆ ಬೀಳುತ್ತದೆ, ಪಂಪ್ ಮತ್ತೆ ಓಡುತ್ತದೆ. ಇಡೀ ಮೆಣಸು, ಮೂಳೆ ಚೂರು, ನಿಂಬೆ ಬೀಜ, ಅಕ್ಕಿ ತರಿಯ ಗಟ್ಟಿ, ಯಾವುದಾದರೂ ಆಗಬಹುದು. ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಪಂಪಿನ ಮುಚ್ಚಳ ಕಾಣುತ್ತದೆ. ಚಮಚದ ಹಿಡಿಯಿಂದ ಮೀಟಿದರೆ ಹಲವು ಮಾಡೆಲ್‌ಗಳಲ್ಲಿ ಬರುತ್ತದೆ. ಒಡೆದ ಗಾಜಿನ ಚೂರು ಇರಬಹುದು, ಬರಿಗೈ ಹಾಕಬೇಡಿ.

ವಿನೆಗರ್ ಇಲ್ಲ. ಕಾಚಂಪುಳಿ ಹಾಕಿ ಕ್ಲೀನ್ ಮಾಡಬಹುದಾ?

ನಮ್ಮ ಕಡೆಯ ಆ ಹುಳಿಯನ್ನು ಪಂದಿ ಕರಿಗೆ ಇಟ್ಟುಕೊಳ್ಳಿ. ಕಪ್ಪಗೆ ಗಟ್ಟಿಯಾಗಿರುವ ಅದು ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಸುತ್ತದೆ, ಬೆಲೆಯೂ ಕಮ್ಮಿ ಇಲ್ಲ.

ಕೆಳತಟ್ಟೆ ಒಣಗಿದೆ, ಫಿಲ್ಟರ್ ಕ್ಲೀನ್, ನಲ್ಲಿ ಮುಚ್ಚಿದೆ. ಪ್ಲಗ್ ಹಾಕಿದ ಕ್ಷಣವೇ ಓಡುತ್ತದೆ. ಈಗ?

ಉಳಿದದ್ದು ಎರಡು. ಒಂದು, ಫ್ಲೋಟ್ ಮೇಲೆಯೇ ಸಿಕ್ಕಿಕೊಂಡಿದೆ ಅಥವಾ ಅದರ ಸ್ವಿಚ್ ಅಂಟಿಕೊಂಡಿದೆ. ಸೋಪಿನ ನೀರು ಒಣಗಿ ಅಂಟಾಗುತ್ತದೆ, ಇರುವೆಗಳು ಸ್ವಿಚ್ಚಿನೊಳಗೆ ಗೂಡು ಕಟ್ಟುತ್ತವೆ. ಪ್ಲಗ್ ಕಿತ್ತು, ಫ್ಲೋಟನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿ. ಟಿಕ್ ಅಂತ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಸ್ವಿಚ್ ಬದಲಾಯಿಸಬೇಕು.

ಎರಡು, ಬೋರ್ಡ್. ಪಂಪಿಗೆ ಕರೆಂಟ್ ಕೊಡುವ ರಿಲೇ ಅಥವಾ ಟ್ರಯಾಕ್ ಸುಟ್ಟು, ಯಾವಾಗಲೂ ಆನ್ ಆಗಿಯೇ ಉಳಿದಿದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ನಮ್ಮಲ್ಲಿ ಬೋರ್ಡ್ ಹೋಗಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮರ ಬಿದ್ದು ಲೈನ್ ಹರಿಯುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಬಂದಾಗ ಒಮ್ಮೆಗೇ ಜಾಸ್ತಿ ವೋಲ್ಟೇಜ್ ಬರುತ್ತದೆ. ಕಾಫಿ ಹೂಮಳೆಯ ಕಾಲದಲ್ಲಿ ಸಿಡಿಲು ಬೇರೆ. ಕರೆಂಟ್ ಹೋದಾಗ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿ. ಬಂದು ಹತ್ತು ನಿಮಿಷವಾದ ಮೇಲೆ ಹಾಕಿ. ಸ್ಟೆಬಿಲೈಜರ್ ತರುವುದಾದರೆ ಹೀಟರ್ ಒಂದೇ 2000 ವ್ಯಾಟ್ ಹತ್ತಿರ ಎಳೆಯುತ್ತದೆ ಅನ್ನುವುದು ನೆನಪಿರಲಿ. ಫ್ರಿಜ್ಜಿನ ಸ್ಟೆಬಿಲೈಜರ್ ಇದಕ್ಕೆ ಸಾಲದು, 3 ಕೆವಿಎಗಿಂತ ಕಡಿಮೆಯದು ಬೇಡ. ಮನೆಯ ಇನ್ವರ್ಟರ್‌ನಲ್ಲಿ ಡಿಶ್‌ವಾಶರ್ ಓಡಿಸುವ ಯೋಚನೆಯೂ ಬೇಡ.

ಫ್ಲೋಟ್ ಸ್ವಿಚ್ಚಿನ ವೈರ್ ಕಿತ್ತುಬಿಟ್ಟರೆ ಪಂಪ್ ನಿಲ್ಲುತ್ತದೆ ಅಂತ ಒಬ್ಬರು ಹೇಳಿದರು. ಮಾಡಲೇ?

ಬೇಡ. ಕೆಲವು ಮಾಡೆಲ್‌ಗಳಲ್ಲಿ ನಿಂತೀತು. ಆದರೆ ವೈರುಗಳ ಕೆಳಗೆ ನೀರು ಏರುತ್ತಿದ್ದರೂ ಹೇಳುವವರು ಯಾರೂ ಇರುವುದಿಲ್ಲ. ಅರ್ತಿಂಗ್ ಸರಿಯಿಲ್ಲದ ಹಳೆ ಮನೆಯಾದರೆ ಮೆಷಿನ್ ಮುಟ್ಟಿದಾಗ ಶಾಕ್ ಹೊಡೆಯಬಹುದು.

ಡಿಸ್‌ಪ್ಲೇಯಲ್ಲಿ ಏನೋ ಕೋಡ್ ಬರುತ್ತಿದೆ. ಅರ್ಥ ಏನು?

ಬಾಷ್, ಸೀಮೆನ್ಸ್ ಮೆಷಿನ್‌ಗಳಲ್ಲಿ ಇ15 ಬಂದರೆ ಕೆಳತಟ್ಟೆಯಲ್ಲಿ ನೀರು. ಇ24, ಇ25 ಬಂದರೆ ನೀರು ಹೊರಗೆ ಹೋಗುತ್ತಿಲ್ಲ, ಅಂದರೆ ಪೈಪ್ ಅಥವಾ ಪಂಪಿನಲ್ಲಿ ಅಡಚಣೆ. ಎಲೆಕ್ಟ್ರೋಲಕ್ಸ್‌ನಲ್ಲಿ ಸೋರಿಕೆಗೆ ಐ30. ಬೇರೆ ಕಂಪನಿಗಳದು ಬೇರೆ, ಜೊತೆಗೆ ಬಂದ ಪುಸ್ತಕದ ಕೊನೆಯ ಪುಟಗಳಲ್ಲಿ ಇರುತ್ತದೆ.

ಮೆಕ್ಯಾನಿಕ್ ಮೈಸೂರಿನಿಂದ ಬರಬೇಕು. ಫೋನಿನಲ್ಲಿ ಏನು ಹೇಳಲಿ?

ಮಡಿಕೇರಿಗೆ ಮೈಸೂರಿನಿಂದ ಸುಮಾರು 120 ಕಿಲೋಮೀಟರ್. ಸುಮ್ನೆ "ಪಂಪ್ ನಿಲ್ಲುತ್ತಿಲ್ಲ" ಅಂದರೆ ಅವರು ಒಮ್ಮೆ ಬಂದು ನೋಡಿ, ಸಾಮಾನು ತರಲು ವಾಪಸ್ ಹೋಗಿ, ಮತ್ತೊಂದು ದಿನ ಬರುತ್ತಾರೆ. ಎರಡು ವಿಸಿಟ್ ಚಾರ್ಜ್ ನಿಮ್ಮ ತಲೆಗೆ. ಅದಕ್ಕೆ ಬಾಗಿಲಿನ ಅಂಚಿನಲ್ಲಿರುವ ಸ್ಟಿಕ್ಕರ್‌ನಿಂದ ಮಾಡೆಲ್ ನಂಬರ್ ಪೂರ್ತಿ ಓದಿ ಹೇಳಿ. ಕೋಡ್ ಹೇಳಿ. ನಲ್ಲಿ ಮುಚ್ಚಿದರೆ ನಿಲ್ಲುತ್ತದೆಯೋ, ಬಾಗಿಲು ತೆರೆದಾಗ ಓಡುತ್ತದೆಯೋ, ಕೆಳತಟ್ಟೆಯಲ್ಲಿ ನೀರಿತ್ತೋ ಅನ್ನುವುದನ್ನೂ ಹೇಳಿ. ಸದ್ದು ಕೇಳುವಂತೆ ಒಂದು ವೀಡಿಯೊ ಕಳಿಸಿದರೆ ಇನ್ನೂ ಒಳ್ಳೆಯದು. ಇಷ್ಟು ಗೊತ್ತಾದರೆ ಅನುಭವ ಇರುವವರು ವಾಲ್ವ್, ಸ್ವಿಚ್, ಬೋರ್ಡ್ ಯಾವುದು ಬೇಕೋ ಬ್ಯಾಗಿಗೆ ಹಾಕಿಕೊಂಡೇ ಹೊರಡುತ್ತಾರೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಇಸಿದುಕೊಳ್ಳಿ. ವಾರಂಟಿ ಇದ್ದರೆ ಮುಂಭಾಗದ ಪಟ್ಟಿ ಬಿಟ್ಟು ಬೇರೇನೂ ಬಿಚ್ಚಬೇಡಿ.

ಮಳೆಗಾಲದಲ್ಲಿ ಹೋಂಸ್ಟೇ ಎರಡು ತಿಂಗಳು ಮುಚ್ಚುತ್ತೇವೆ. ಮೆಷಿನ್ ಹೇಗೆ ಬಿಡಬೇಕು?

ಕೊನೆಯದಾಗಿ ಒಂದು ಬಿಸಿ ಪ್ರೋಗ್ರಾಂ ಓಡಿಸಿ, ಫಿಲ್ಟರ್ ತೊಳೆದು ಒಣಗಿಸಿ. ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಡಿ, ಇಲ್ಲದಿದ್ದರೆ ಒಳಗೆ ಬೂಸ್ಟು ಹಿಡಿಯುತ್ತದೆ. ತೆರೆಯುವ ದಿನ ಮೊದಲು ನಲ್ಲಿಯ ಪೈಪ್ ಬಿಚ್ಚಿ ಒಂದು ಬಕೆಟ್ ನೀರು ಹೊರಗೆ ಬಿಡಿ. ಕೆಂಪು ನೀರೆಲ್ಲ ಹೋಗಿ ತಿಳಿಯಾದ ಮೇಲೆ ಪೈಪ್ ಜೋಡಿಸಿ.